ಎವಾರಿಸ್ತ್ ಪೊಮರೆಲ್ ಒಬ್ಬನೇ ಓದದ ಕಾದಂಬರಿ

ಮೊಂತ್ರಿಯಾಕ್ ಊರಿನ ವಿಮಾ ಏಜೆಂಟ್ ಎವಾರಿಸ್ತ್ ಪೊಮರೆಲ್‌ಗೆ ಕಿವಿ ಚೆನ್ನಾಗಿಯೇ ಕೇಳಿಸುತ್ತಿತ್ತು. ಕೇಳಿಸಿಕೊಂಡದ್ದು ತಲೆಯೊಳಗೆ ಹೋದ ಮೇಲೆ ತನ್ನ ತನ್ನ ಜಾಗದಲ್ಲಿ ಕೂರುತ್ತಿರಲಿಲ್ಲ, ಅಷ್ಟೆ. ಒಂದರ ಮಡಿಲಲ್ಲಿ ಇನ್ನೊಂದು ಕೂತುಬಿಡುತ್ತಿತ್ತು. ತನ್ನ ಮದುವೆಯ ದಿನವೇ ಅವನು ಪಕ್ಕದ ಊರಿನ ಚರ್ಚಿಗೆ ಹೋಗಿ, ಮುಂದಿನ ಸಾಲಿನಲ್ಲಿ ಕೂತು, ಬೇರೆ ಯಾರೋ ಮದುಮಗಳು ಒಳಗೆ ಬಂದಾಗ ಎದ್ದು ನಿಂತು ಮುಗುಳ್ನಕ್ಕಿದ್ದ. ಆ ಹುಡುಗಿಯ ಅಪ್ಪ ಅವನನ್ನು ಹೊರಗೆ ಕಳಿಸಿದ ರೀತಿಯನ್ನು ಊರಿನವರು ಈಗಲೂ ಅಭಿನಯಿಸಿ ತೋರಿಸುತ್ತಾರೆ. ಇತ್ತ ತನ್ನ ಚರ್ಚಿನ ಬಾಗಿಲಲ್ಲಿ ಹೂಗುಚ್ಛ ಹಿಡಿದು ಕಾಯುತ್ತಿದ್ದ ಗಿಲೇನ್, ಅವನು ಬೆವರು ಒರೆಸಿಕೊಳ್ಳುತ್ತ ಓಡಿಬಂದಾಗ, ಇಂಥವನನ್ನು ಬಿಟ್ಟರೆ ಇನ್ನೊಬ್ಬ ಸಿಗುವುದಿಲ್ಲ ಎಂದು ಮದುವೆಯಾದಳು. ಆ ಮಾತಿನಲ್ಲಿ ಎರಡು ಅರ್ಥವಿತ್ತು. ಎರಡೂ ನಿಜವಾಗಿತ್ತು.

ಆ ಶನಿವಾರ ಬೆಳಿಗ್ಗೆ ಎವಾರಿಸ್ತ್ ಅಡುಗೆಮನೆಯ ಸಿಂಕಿನ ಕೆಳಗೆ ತಲೆ ತೂರಿಸಿ ಪೈಪಿನೊಂದಿಗೆ ಗುದ್ದಾಡುತ್ತಿದ್ದ. ದಂತವೈದ್ಯರ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದ ಗಿಲೇನ್ ಕೋಟು ಹಾಕಿಕೊಳ್ಳುತ್ತ, ಅವನ ಕಾಲುಗಳನ್ನು ನೋಡಿಕೊಂಡು ಹೇಳಿದಳು:

"ಮೂರು ಕೆಲ್ಸ ಇದೆ, ಕೇಳಿಸ್ಕೋ. ಪಕ್ಕದ್ಮನೆ ಮದಾಮ್ ಲೆಸ್ಕ್ಯೂರ್ ಊರಿಗೆ ಹೋಗಿದಾರಲ್ಲ, ಅವರ ಆಮೆಗೆ ಮೂಗು ಸೋರ್ತಾ ಇದೆ, ಪಶುವೈದ್ಯರಿಗೆ ತೋರಿಸ್ಕೊಂಡು ಬಾ. ನೋಟರಿ ಹತ್ರ ಹೋಗಿ, ಗುರುವಾರ ಬರಲ್ಲ ಅಂತ ಹೇಳು. ಆಮೇಲೆ ಮದಾಮ್ ತ್ರಿಕಾರ್ ಅಂಗಡೀಲಿ ‘ಅಂಚು’ ಇದ್ಯಾ ಕೇಳಿ ತಗೊಂಬಾ. ನೆನಪಿರುತ್ತಾ?"

ಸಿಂಕಿನ ಕೆಳಗಿನಿಂದ ಹೂಂ ಎಂಬ ಸದ್ದು ಬಂತು.

‘ಅಂಚು’ ಎಂಬುದು ಒಂದು ಕಾದಂಬರಿ. ಬರೆದವರು ಒದೀಲ್ ಕೆರ್ಮಾರೆಕ್. ಮೇ ತಿಂಗಳಲ್ಲಿ ನಡೆಯುವ ಊರಿನ ಪುಸ್ತಕಹಬ್ಬಕ್ಕೆ ಅವರೇ ಆ ಸಲದ ಮುಖ್ಯ ಅತಿಥಿ. ಹಬ್ಬವನ್ನು ನಡೆಸುತ್ತಿದ್ದದ್ದು ಊರಿನ ವಾಚಕರ ಬಳಗ. ಬಳಗದ ಅಧ್ಯಕ್ಷರು ಔಷಧಿ ಅಂಗಡಿಯ ಮೊಸ್ಯೂ ಕಾಸ್ತೆಲ್. ಹಿಂದಿನ ವರ್ಷ ಗಿಲೇನ್ ತಾನೂ ಬಳಗಕ್ಕೆ ಸೇರಬಹುದೇ ಎಂದು ಕೇಳಿದಾಗ ಕಾಸ್ತೆಲ್ ಅವರು ಕೆಮ್ಮಿನ ಔಷಧಿಯ ಬಾಟಲಿಯನ್ನು ಅವಳ ಕೈಗಿಡುತ್ತ, ಬಳಗದಲ್ಲಿರುವವರೆಲ್ಲ ಕೈಯಲ್ಲಿ ಪೆನ್ಸಿಲ್ ಹಿಡಿದು ಓದುವವರು, ನಿಮಗೆ ಬೇಜಾರಾಗಬಹುದು ಎಂದಿದ್ದರು. ಗಿಲೇನ್‌ಳ ಕೆಮ್ಮು ವಾಸಿಯಾಯಿತು, ಆ ಮಾತು ಮಾತ್ರ ಗಂಟಲಲ್ಲೇ ಉಳಿಯಿತು. ಈ ಸಲ ಅತಿಥಿಯ ಪುಸ್ತಕವನ್ನು ಮೊದಲೇ ಓದಿಕೊಂಡು ಹೋಗಿ, ತುಂಬಿದ ಸಭೆಯಲ್ಲಿ ಎದ್ದು ಒಂದು ಒಳ್ಳೆಯ ಪ್ರಶ್ನೆ ಕೇಳಬೇಕು, ಕಾಸ್ತೆಲ್ ಅವರು ಆ ಪ್ರಶ್ನೆಯನ್ನು ಕೂತು ಕೇಳಬೇಕು ಎಂದು ಅವಳು ನಿಶ್ಚಯಿಸಿದ್ದಳು.

ಎವಾರಿಸ್ತ್ ಆಮೆಯನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಹೋಗಿ ವೈದ್ಯರಿಗೆ ತೋರಿಸಿದ. ನೋಟರಿ ದ್ಯುಬೋಸ್ಕ್ ಅವರ ಕಚೇರಿಗೆ ಹೋಗಿ ಗುರುವಾರದ ವಿಷಯ ತಿಳಿಸಿದ. ಎರಡು ಕೆಲಸ ಒಂದೂ ಎಡವಟ್ಟಿಲ್ಲದೆ ಮುಗಿದದ್ದೇ ಅನರ್ಥಕ್ಕೆ ಮೂಲವಾಯಿತು. ಆ ಸಂತೋಷದಲ್ಲಿ ಅವನು ಮೂರನೆಯದನ್ನು ನೆನಪಿಟ್ಟುಕೊಳ್ಳುವ ಗೋಜಿಗೇ ಹೋಗಲಿಲ್ಲ. ಮದಾಮ್ ತ್ರಿಕಾರ್ ಅವರ ಪುಸ್ತಕದಂಗಡಿಯ ಕಿಟಕಿಯ ಮುಂದೆ ನಿಂತಾಗ, ತರಬೇಕಾದ ಪುಸ್ತಕದ ಹೆಸರು ತಲೆಯಲ್ಲಿ ಎಲ್ಲೂ ಕಾಣಲಿಲ್ಲ.

ಕಿಟಕಿಯಲ್ಲಿ ಹೊಸ ಕಾದಂಬರಿಗಳನ್ನು ಜೋಡಿಸಿದ್ದರು. ‘ನನ್ನ ಸೊಸೆ ದೀಪಸ್ತಂಭವಾದ ಬೇಸಿಗೆ’ ಎಂದು ಒಂದರ ಹೆಸರು. ಅದರ ಪಕ್ಕ ‘ಭಾನುವಾರ ಮಾತ್ರ ಕಿವುಡಾಗುವ ಕಂಡಕ್ಟರ್’. ಮೇಲಿನ ಸಾಲಿನಲ್ಲಿ ‘ಕ್ಷಮಿಸಿ, ಅಜ್ಜಿ ಈಗ ಮೋಡದ ಮೇಲಿದ್ದಾರೆ, ಆಮೇಲೆ ಫೋನ್ ಮಾಡಿ’. ಆ ಕಾಲದಲ್ಲಿ ಫ್ರೆಂಚ್ ಕಾದಂಬರಿಗಳಿಗೆ ಹೆಸರಿಡುವುದೆಂದರೆ ಹಾಗೆಯೇ. ಹೆಸರು ಓದಿ ಮುಗಿಸುವಷ್ಟರಲ್ಲಿ ಬಸ್ಸು ಹೊರಟುಹೋಗಿರಬೇಕು, ಬಸ್ಸು ತಪ್ಪಿಸಿಕೊಂಡವನು ಬೇಸರ ಕಳೆಯಲು ಪುಸ್ತಕ ಕೊಳ್ಳಬೇಕು. ಎವಾರಿಸ್ತ್ ಆ ಹೆಸರುಗಳನ್ನೆಲ್ಲ ಓದಿದ. ಓದಿ, ಇನ್ನಷ್ಟು ಗೊಂದಲ ತುಂಬಿಕೊಂಡು ಒಳಗೆ ಹೋದ.

"ಏನು ಬೇಕಿತ್ತು, ಮೊಸ್ಯೂ ಪೊಮರೆಲ್?" ಎಂದರು ಮದಾಮ್ ತ್ರಿಕಾರ್.

ಎವಾರಿಸ್ತ್ ಬಾಯಿ ತೆರೆದ. ಬೆಳಿಗ್ಗೆ ಸಿಂಕಿನ ಕೆಳಗೆ ಕೇಳಿದ್ದೆಲ್ಲ ಒಟ್ಟಾಗಿ ಹೊರಗೆ ಬಂತು.

"‘ಮೂಗು ಸೋರುವ ಆಮೆ ಗುರುವಾರ ನೋಟರಿಯ ಹತ್ತಿರ ಬರುವುದಿಲ್ಲ.’ ಇದ್ಯಾ?"

ಮದಾಮ್ ತ್ರಿಕಾರ್ ಅವರ ಬಗ್ಗೆ ಒಂದು ಮಾತು ಹೇಳಬೇಕು. ಅವರು ಆ ಅಂಗಡಿಯಲ್ಲಿ ತಲೆ ನರೆಸಿಕೊಂಡವರು. ಗೊತ್ತಿಲ್ಲ ಎಂಬ ಪದ ಅವರ ಬಾಯಿಂದ ಹೊರಟದ್ದನ್ನು ಕೇಳಿದವರು ಯಾರೂ ಇರಲಿಲ್ಲ. ಅವರು ಎವಾರಿಸ್ತ್‌ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಟೈರ್ ಕಂಪನಿಯವರು ಹಂಚುವ ಕ್ಯಾಲೆಂಡರ್ ಬಿಟ್ಟರೆ ಬೇರೇನನ್ನೂ ಓದದ ಈ ಮನುಷ್ಯನಿಗೇ ಈ ಪುಸ್ತಕ ಗೊತ್ತಿದೆಯೆಂದರೆ ಇಡೀ ಫ್ರಾನ್ಸಿಗೆ ಗೊತ್ತಿದೆ ಎಂದೇ ಅರ್ಥ. ಗೊತ್ತಿಲ್ಲದವಳು ತಾನೊಬ್ಬಳೇ. ಅವರ ಕಿವಿ ಬಿಸಿಯಾಯಿತು. ಆದರೆ ನಾಲಗೆ ಅನುಭವಸ್ಥ ನಾಲಗೆ.

"ಆ ಆಮೇನಾ," ಎಂದರು, ಹಳೆಯ ಪರಿಚಯದವರ ಬಗ್ಗೆ ಮಾತಾಡುವಂತೆ. "ಬಂದಿದ್ದು ಬಂದ ಹಾಗೇ ಖರ್ಚಾಗೋಯ್ತು. ಮತ್ತೆ ತರಿಸ್ತೀನಿ, ಹೆಸರು ಬರ್ಕೋತೀನಿ."

ಚೆನ್ನಾಗಿದೆಯೇ ಎಂದು ಎವಾರಿಸ್ತ್ ವಿನಯದಿಂದ ಕೇಳಿದ. ನಡುವೆ ಸ್ವಲ್ಪ ಎಳೆದಿದ್ದಾರೆ, ಆದರೆ ಕೊನೆ ಮಾತ್ರ... ಎಂದು ಮದಾಮ್ ತ್ರಿಕಾರ್ ಎದೆಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿಕೊಂಡರು. ಎವಾರಿಸ್ತ್ ಮನೆಗೆ ಹೋಗಿ, ಪುಸ್ತಕ ಖರ್ಚಾಗಿದೆಯಂತೆ, ತರಿಸುತ್ತಾರಂತೆ ಎಂದಷ್ಟೇ ಹೇಳಿದ. ಕೆರ್ಮಾರೆಕ್ ಅವರ ಪುಸ್ತಕ ಇಷ್ಟು ಖರ್ಚಾಗುತ್ತದೆಯೇ ಎಂದು ಗಿಲೇನ್‌ಗೆ ಆಶ್ಚರ್ಯವಾಯಿತು. ಅವಳು ಬೋರ್ದೋದಲ್ಲಿದ್ದ ತನ್ನ ತಂಗಿಗೆ ಹೇಳಿ ಒಂದು ಪ್ರತಿ ತರಿಸಿಕೊಂಡು ಓದತೊಡಗಿದಳು. ಗಂಡನಿಗೆ ಅದನ್ನು ಹೇಳಲಿಲ್ಲ. ಹೇಳಿದ್ದರೆ ಅದು ಅವನ ತಲೆಯಲ್ಲಿ ಇನ್ನೇನಾಗಿ ಹೊರಗೆ ಬರುತ್ತಿತ್ತೋ.

ಇತ್ತ ಮದಾಮ್ ತ್ರಿಕಾರ್ ಅಂಗಡಿಯ ಕಂಪ್ಯೂಟರಿನಲ್ಲಿ ಹುಡುಕಿದರು. ಆಮೆ ಇರಲಿಲ್ಲ. ಸಗಟು ವಿತರಕರಿಗೆ ಫೋನ್ ಮಾಡಿದರು. ಆ ಕಡೆಯ ಹುಡುಗ, ಅದು ಮರುಮುದ್ರಣಕ್ಕೆ ಹೋಗಿರಬೇಕು ಮದಾಮ್ ಎಂದ. ಅವನಿಗೂ ಅಲ್ಲಿ ಒಂದು ಮರ್ಯಾದೆಯೆಂಬುದಿತ್ತು. ಅಷ್ಟರಲ್ಲಿ ಮೊಸ್ಯೂ ಕಾಸ್ತೆಲ್ ದಿನಪತ್ರಿಕೆಗೆಂದು ಒಳಗೆ ಬಂದರು. ಇವರಿಗೆ ಗೊತ್ತಿದ್ದರೆ ತಿಳಿದುಕೊಳ್ಳೋಣ ಎಂದು ಮದಾಮ್ ತ್ರಿಕಾರ್, ಆಮೆ ಪುಸ್ತಕ ಓದಿದಿರಾ ಎಂದು ಹೆಸರನ್ನು ಪೂರ್ತಿ ಹೇಳಿ ಕೇಳಿದರು.

ಕಾಸ್ತೆಲ್ ಅವರು ಅರ್ಥವಾಗದ ಔಷಧಿ ಚೀಟಿಯನ್ನು ನೋಡುವಾಗ ಮಾಡುವ ಮುಖ ಮಾಡಿದರು. ಆ ಮುಖ ನೋಡಿ ಯಾವ ರೋಗಿಗೂ ಅವರ ಮೇಲೆ ಅನುಮಾನ ಬಂದದ್ದಿಲ್ಲ.

"ಯಾವಾಗಲೋ ಓದಿ ಇಟ್ಟೆ," ಎಂದರು. "ಚಿಪ್ಪಿನ ವಿಷಯ ಮಾತ್ರ ಸ್ವಲ್ಪ ಅತಿಯಾಯ್ತು ಅನ್ಸಿತು ನಂಗೆ."

"ನನಗೂ ಹಾಗೇ ಅನ್ಸಿತು," ಎಂದರು ಮದಾಮ್ ತ್ರಿಕಾರ್. ಇಬ್ಬರೂ ಒಬ್ಬರನ್ನೊಬ್ಬರು ಗೌರವದಿಂದ ನೋಡಿಕೊಂಡರು.

ಅಲ್ಲಿಂದ ಆಮೆ ಓಡತೊಡಗಿತು. ಬಳಗದ ಸದಸ್ಯರೆಲ್ಲ ಅದನ್ನು ಓದಿದ್ದರು, ಏಕೆಂದರೆ ಅಧ್ಯಕ್ಷರು ಓದಿದ್ದರು. ಬೇಕರಿಯ ಸಾಲಿನಲ್ಲಿ ನಿಂತವರು ಓದಿದ್ದರು, ಏಕೆಂದರೆ ಬೇಕರಿಯಾಕೆ ಓದಿದ್ದಳು. ಹೆಸರಿನಲ್ಲೇ ಅರ್ಧ ಕಥೆ ಇದ್ದುದರಿಂದ ಉಳಿದರ್ಧವನ್ನು ಸೇರಿಸಿಕೊಳ್ಳುವುದು ಯಾರಿಗೂ ಕಷ್ಟವಾಗಲಿಲ್ಲ. ಎಂಥ ಹೆಸರು, ಹೇಗೆ ಹೊಳೆಯುತ್ತದೋ ಇವರಿಗೆ ಎಂದು ಎಲ್ಲರೂ ತಲೆದೂಗುತ್ತಿದ್ದರು. ಬರೆದವರು ಯಾರು ಎಂಬ ವಿಷಯದಲ್ಲಿ ಮಾತ್ರ ಒಬ್ಬೊಬ್ಬರು ಒಂದೊಂದು ಹೆಸರು ಹೇಳಿದ್ದರಿಂದ, ಲೇಖಕರು ಅಜ್ಞಾತವಾಗಿರಲು ಬಯಸುತ್ತಾರೆ ಎಂದು ಇತ್ಯರ್ಥವಾಯಿತು. ಇದರಿಂದ ಪುಸ್ತಕದ ತೂಕ ಇನ್ನೂ ಹೆಚ್ಚಿತು.

ಊರಿನ ಮೇಯರ್ ಮದಾಮ್ ಹೊಸ ವೃತ್ತವೊಂದನ್ನು ಉದ್ಘಾಟಿಸುತ್ತ, ನಾವೆಲ್ಲ ಮೆಚ್ಚಿದ ಆ ಆಮೆಯ ಹಾಗೆ ನಮ್ಮ ಊರೂ ತನ್ನದೇ ವೇಗದಲ್ಲಿ ಮುಂದೆ ಸಾಗುತ್ತದೆ ಎಂದರು. ಜನ ಚಪ್ಪಾಳೆ ತಟ್ಟಿದರು. ಜಿಲ್ಲೆಯ ಪತ್ರಿಕೆಯಲ್ಲಿ ಅರ್ಧ ಪುಟದ ವಿಮರ್ಶೆ ಬಂತು. ಅದರಲ್ಲಿ ಕಥೆಯ ಸುಳಿವೇ ಇರಲಿಲ್ಲ, ಓದುಗರ ರಸಭಂಗವಾಗಬಾರದೆಂದು ವಿಮರ್ಶಕರೇ ಬರೆದುಕೊಂಡಿದ್ದರು. ನೋಟರಿ ದ್ಯುಬೋಸ್ಕ್ ಅವರಿಗೆ ಮಾತ್ರ ಸಿಟ್ಟು ಬಂದಿತ್ತು. ಈ ಕಾದಂಬರಿಯಲ್ಲಿ ಬರುವ ನೋಟರಿ ತಮ್ಮ ಸ್ವಂತ ದೊಡ್ಡಪ್ಪನೇ, ಹೆಸರೊಂದನ್ನು ಬದಲಾಯಿಸಿದ್ದಾರೆ, ನಮ್ಮ ಕಚೇರಿ ಗುರುವಾರ ಇಡೀ ದಿನ ತೆರೆದಿರುತ್ತದೆ, ಆಮೆಗೆ ಬರಲು ಏನು ಧಾಡಿ ಎಂದು ಕಾಫಿ ಅಂಗಡಿಯಲ್ಲಿ ಕೂಗಾಡಿದರು. ಮಾನನಷ್ಟದ ಮೊಕದ್ದಮೆ ಹೂಡಲು ಲೇಖಕರ ವಿಳಾಸ ಹುಡುಕುತ್ತಿದ್ದರು.

ಇಷ್ಟೆಲ್ಲದರ ನಡುವೆ ಆ ಪುಸ್ತಕ ಓದದೆ ಉಳಿದವನು ಊರಿಗೆಲ್ಲ ಎವಾರಿಸ್ತ್ ಒಬ್ಬನೇ.

ಅವನ ಕೆಲಸವೇ ಮನೆಮನೆಗೆ ಹೋಗುವುದು. ಹೋದಲ್ಲೆಲ್ಲ ಜನ ವಿಮೆಯ ಮಾತು ಬಿಟ್ಟು ಆಮೆಯ ಮಾತು ತೆಗೆಯುತ್ತಿದ್ದರು. ಇನ್ನೂ ಸಿಕ್ಕಿಲ್ಲ ಎಂದು ಅವನು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದ. ಅವರು ಮನೆಯಲ್ಲಿ ಸಾವಾಗಿದೆ ಎಂದವನನ್ನು ನೋಡುವಂತೆ ನೋಡುತ್ತಿದ್ದರು. ಒಬ್ಬ ರೈತ ತನ್ನ ಟ್ರ್ಯಾಕ್ಟರಿನ ವಿಮೆಯನ್ನೇ ಬೇರೆ ಏಜೆಂಟನಿಗೆ ವರ್ಗಾಯಿಸಿಕೊಂಡ. ಆಮೆ ಪುಸ್ತಕವನ್ನೇ ಓದದವನು ಪಾಲಿಸಿಯ ಸಣ್ಣ ಅಕ್ಷರ ಓದಿರುತ್ತಾನೆಂದು ಹೇಗೆ ನಂಬುವುದು ಎಂಬುದು ಅವನ ವಾದ. ಎವಾರಿಸ್ತ್ ಲಿಮೋಜ್ ಪೇಟೆಗೆ ಹೋಗಿ ಒಂದೊಂದೇ ಪುಸ್ತಕದಂಗಡಿ ಹತ್ತಿ ಇಳಿದ. ಎಲ್ಲ ಕಡೆ ಅದು ನಿನ್ನೆಯೇ ಖರ್ಚಾಗಿತ್ತು.

ಕೊನೆಗೆ ಒಂದು ದಿನ ಊಟದ ಮೇಜಿನಲ್ಲಿ, ಮೊಲದ ಮಾಂಸದ ಸಾರಿಗೆ ಬ್ರೆಡ್ಡು ಅದ್ದುತ್ತ, ಅವನು ಹೆಂಡತಿಯನ್ನೇ ಕೇಳಿದ. ಆ ಆಮೆ ಪುಸ್ತಕ ನೀನಾದರೂ ನೋಡಿದೀಯಾ ಎಂದ. ಅದೇ ದಿನ ಬೆಳಿಗ್ಗೆ ಸಂತೆಯಲ್ಲಿ ಮದಾಮ್ ಕಾಸ್ತೆಲ್ ಅವಳನ್ನು ಚೀಸ್ ಅಂಗಡಿಯ ಮುಂದೆ ಅಡ್ಡಗಟ್ಟಿ ಇದೇ ಪ್ರಶ್ನೆ ಕೇಳಿದ್ದರು, ತುಟಿ ಕೊಂಕಿಸಿ. ಪೆನ್ಸಿಲ್ಲಿನ ಮಾತು ನೆನಪಾಗಿ ಗಿಲೇನ್ ಕೂಡ ಓದಿದೆನೆಂದು, ಅದೂ ಎರಡು ಸಲ ಓದಿದೆನೆಂದು ಹೇಳಿಬಿಟ್ಟಿದ್ದಳು. ಈಗ ಹಿಂದೆ ಸರಿಯುವ ಹಾಗಿರಲಿಲ್ಲ.

"ಓದಿದೀನಿ," ಎಂದಳು.

"ಕೊನೇಲಿ ಏನಾಗುತ್ತೆ?"

"ಅದನ್ನ ಹೇಳಿದ್ರೆ ರುಚಿ ಹೋಗುತ್ತೆ ಮಾರಾಯ. ಸಾರು ಆರ್ತಾ ಇದೆ, ಊಟ ಮಾಡು."

ತನ್ನ ಹೆಂಡತಿಗೂ ಸಿಕ್ಕ ಪುಸ್ತಕ ತನಗೆ ಸಿಗಲಿಲ್ಲವಲ್ಲ ಎಂದು ಎವಾರಿಸ್ತ್ ತಲೆ ತಗ್ಗಿಸಿಕೊಂಡು ಊಟ ಮುಗಿಸಿದ. ಗಿಲೇನ್ ತಾನು ಗಂಡನ ಮುಂದೆಯೂ ಸುಳ್ಳು ಹೇಳಿದೆನಲ್ಲ ಎಂದು ತಲೆ ತಗ್ಗಿಸಿಕೊಂಡು ಮುಗಿಸಿದಳು. ಸಾರು ಬಹಳ ಚೆನ್ನಾಗಿತ್ತು. ಇಬ್ಬರೂ ಅದನ್ನು ಗಮನಿಸಲಿಲ್ಲ.

ಪುಸ್ತಕಹಬ್ಬ ಬಂತು. ಒದೀಲ್ ಕೆರ್ಮಾರೆಕ್ ರೈಲಿನಿಂದ ಇಳಿದರು. ಐವತ್ತು ದಾಟಿದ, ಸೋತ ಭುಜಗಳ, ಚುರುಕು ಕಣ್ಣಿನ ಹೆಂಗಸು. ನಿಲ್ದಾಣದಲ್ಲಿ ಬರಮಾಡಿಕೊಂಡವರು ಹೂವು ಕೊಟ್ಟು ಆಮೆಯ ಬಗ್ಗೆ ನಿಮ್ಮ ಅಭಿಪ್ರಾಯವೇನು ಎಂದರು. ಟ್ಯಾಕ್ಸಿಯವನು ಅದನ್ನೇ ಕೇಳಿದ. ಮೇಯರ್ ಮದಾಮ್ ಕೊಟ್ಟ ಊಟದಲ್ಲಿ ಬಾತುಕೋಳಿಯ ತೊಡೆಯ ಜೊತೆ ಆಮೆಯೂ ಬಡಿಸಲ್ಪಟ್ಟಿತು. ಅವರು ಎಲ್ಲರಿಗೂ ತಲೆಯಾಡಿಸಿ, ದೊಡ್ಡ ಪುಸ್ತಕ ಎಂದಷ್ಟೇ ಹೇಳಿ ನೀರು ಕುಡಿಯುತ್ತಿದ್ದರು.

ಮಧ್ಯಾಹ್ನ ಪುರಭವನ ತುಂಬಿತ್ತು. ಬಾಗಿಲ ಪಕ್ಕದ ಮೇಜಿನ ಮೇಲೆ ಮದಾಮ್ ತ್ರಿಕಾರ್ ‘ಅಂಚು’ ಕಾದಂಬರಿಯ ಪ್ರತಿಗಳನ್ನು ಗೋಡೆ ಕಟ್ಟಿದಂತೆ ಪೇರಿಸಿದ್ದರು. ಆ ಗೋಡೆಯ ಒಂದು ಇಟ್ಟಿಗೆಯೂ ಕದಲಿರಲಿಲ್ಲ. ಗಿಲೇನ್ ನಡುವಿನ ಸಾಲಿನಲ್ಲಿ, ತನ್ನ ಪ್ರಶ್ನೆಯನ್ನು ಮನಸ್ಸಿನಲ್ಲೇ ಉರು ಹಚ್ಚುತ್ತ ಕೂತಿದ್ದಳು. ಎವಾರಿಸ್ತ್ ಎಲ್ಲರಿಗಿಂತ ಹಿಂದೆ ಕಂಬಕ್ಕೆ ಒರಗಿ ನಿಂತಿದ್ದ. ಓದಿದವರ ಸಾಲಿನಲ್ಲಿ ಕೂರುವ ಯೋಗ್ಯತೆ ತನಗಿಲ್ಲವೆಂದು ಅವನೇ ತೀರ್ಮಾನಿಸಿಕೊಂಡಿದ್ದ.

ಮೊಸ್ಯೂ ಕಾಸ್ತೆಲ್ ಅತಿಥಿಯನ್ನು ಎರಡು ವಾಕ್ಯದಲ್ಲಿ ಪರಿಚಯಿಸಿದರು. ಎರಡನೆಯದರಲ್ಲಿ ಪುಸ್ತಕದ ಹೆಸರು ‘ಕೊಂಚ’ ಎಂದಾಗಿತ್ತು. ಮೂರನೆಯ ವಾಕ್ಯಕ್ಕೆ ಅವರು ಆಮೆಯನ್ನು ಹತ್ತಿದರು. ಆಮೆ ಕೊನೆಯಲ್ಲಿ ಸಾಯುವುದು ನಮ್ಮ ಕಾಲದ ಒಂಟಿತನಕ್ಕೆ ಹಿಡಿದ ಕನ್ನಡಿ ಎಂದು ಅವರು ಹೇಳುತ್ತಿರುವಾಗ, ಮದಾಮ್ ತ್ರಿಕಾರ್ ತಡೆಯಲಾರದೆ ಎದ್ದರು. ಆಮೆ ಸಾಯುವುದೇ ಇಲ್ಲ, ನೋಟರಿಯ ವಿಧವೆಯ ಮನೆ ಸೇರುತ್ತದೆ ಎಂದರು. ಹಾಗಾದರೆ ನೋಟರಿ ಸತ್ತನೇ ಎಂದು ದ್ಯುಬೋಸ್ಕ್ ಎದ್ದು ನಿಂತರು. ಅದು ಶುಕ್ರವಾರ ಬರುತ್ತದೆ, ನನಗೆ ಚೆನ್ನಾಗಿ ನೆನಪಿದೆ ಎಂದು ಮೇಯರ್ ಮದಾಮ್ ಸಮಾಧಾನ ಹೇಳಿದರು. ನಿವೃತ್ತ ಮೇಷ್ಟ್ರೊಬ್ಬರು ಊರುಗೋಲು ಕುಟ್ಟಿ, ಆ ಪುಸ್ತಕದಲ್ಲಿ ಆಮೆಯೇ ಇಲ್ಲ, ಆಮೆಯೆಂದರೆ ಫ್ರೆಂಚ್ ಗಣರಾಜ್ಯ, ಇಷ್ಟೂ ತಿಳಿಯದವರು ಯಾಕೆ ಓದುತ್ತೀರಿ ಎಂದರು. ಬಳಗ ಹೋಳಾಯಿತು. ಸತ್ತಿದೆ ಎನ್ನುವವರು ಎಡಕ್ಕೆ, ಬದುಕಿದೆ ಎನ್ನುವವರು ಬಲಕ್ಕೆ. ಕಾಸ್ತೆಲ್ ಅವರು ತಾವು ಪೆನ್ಸಿಲ್ ಹಿಡಿದು ಓದಿದ್ದಾಗಿ ಕೂಗಿದರು. ಅವರ ಹೆಂಡತಿಯೇ ಬಲಪಕ್ಷದಲ್ಲಿ ಕೂತಿದ್ದು, ಅವರ ಪೆನ್ಸಿಲ್ಲಿಗೆ ಮೊನೆಯಿಲ್ಲ ಎಂದು ಪಕ್ಕದವರಿಗೆ ಹೇಳಿದರು. ಪಕ್ಕದವರು ಅದನ್ನು ಮುಂದೆ ದಾಟಿಸಿದರು.

ಸಭೆ ಕೈಮೀರುತ್ತಿದೆ ಎಂದು ಮೇಯರ್ ಮದಾಮ್ ಮೈಕು ಕಿತ್ತುಕೊಂಡರು. ಪಂಡಿತರ ಜಗಳ ಸಾಕು, ಒಬ್ಬ ಸಾಮಾನ್ಯ ಓದುಗನನ್ನು ಕೇಳೋಣ ಎಂದು ಸುತ್ತ ನೋಡಿದರು. ಇಡೀ ಭವನದಲ್ಲಿ ಎವಾರಿಸ್ತ್‌ನಷ್ಟು ಸಾಮಾನ್ಯನಾಗಿ ಯಾರೂ ಕಾಣಲಿಲ್ಲ.

"ಮೊಸ್ಯೂ ಪೊಮರೆಲ್, ನೀವೇ ಹೇಳಿಬಿಡಿ. ಕೊನೇಲಿ ಆ ಆಮೆ ಏನಾಗುತ್ತೆ?"

ನೂರಾರು ಕತ್ತುಗಳು ಹಿಂದಕ್ಕೆ ತಿರುಗಿದವು. ಎವಾರಿಸ್ತ್ ಕಂಬ ಬಿಟ್ಟು ನೆಟ್ಟಗೆ ನಿಂತ. ಏನಾದರೊಂದು ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಎಲ್ಲರೂ ಹಾಗೆಯೇ ಮಾಡಿದ್ದರು. ಆದರೆ ಸುಳ್ಳು ಹೇಳಬೇಕಾದರೆ ಹೇಳಿದ್ದನ್ನು ನೆನಪಿಟ್ಟುಕೊಳ್ಳಬೇಕು, ಆ ಶಕ್ತಿ ತನಗಿಲ್ಲ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

"ನಾನು ಓದಿಲ್ಲ," ಎಂದ. "ಊರಲ್ಲಿ ಎಲ್ರೂ ಓದಿದೀರಿ, ನನಗೊಬ್ಬನಿಗೆ ಸಿಕ್ಕಿಲ್ಲ. ಲಿಮೋಜ್‌ಗೂ ಹೋಗ್ಬಂದೆ. ತಪ್ಪು ತಿಳ್ಕೋಬೇಡಿ, ನಂಗೂ ಓದೋ ಆಸೆ ಇದೆ. ಹಾಗ್ ನೋಡಿದ್ರೆ ಮದಾಮ್ ತ್ರಿಕಾರ್ ಅಂಗಡೀಲಿ ಅದನ್ನ ಮೊದಲು ಕೇಳಿದ್ದೇ ನಾನು."

ಮದಾಮ್ ತ್ರಿಕಾರ್ ಅವರ ಮುಖದ ಬಣ್ಣ ಇಳಿಯಿತು. ನಿಮಗೆ ಅದರ ಹೆಸರು ಹೇಳಿದವರು ಯಾರು ಎಂದು ಸಣ್ಣ ದನಿಯಲ್ಲಿ ಕೇಳಿದರು.

"ನನ್ನ ಹೆಂಡ್ತಿ. ಶನಿವಾರ ಬೆಳಿಗ್ಗೆ. ತಗೊಂಬಾ ಅಂದ್ಲು."

ಈಗ ಕತ್ತುಗಳೆಲ್ಲ ಗಿಲೇನ್‌ಳ ಕಡೆ ತಿರುಗಿದವು. ಅವಳು ಎದ್ದು ನಿಂತಳು. ತಾನು ಹೇಳಿದ್ದು ‘ಅಂಚು’ ಎಂದಳು. ಆಮೇಲೆ ಆ ಶನಿವಾರ ಹೇಳಿದ್ದನ್ನೆಲ್ಲ ಮನಸ್ಸಿನಲ್ಲೇ ಎಣಿಸಿದಳು. ತುಟಿಗಳು ಮಾತ್ರ ಅಲ್ಲಾಡುತ್ತಿದ್ದವು. ಮೂಗು. ಆಮೆ. ಗುರುವಾರ. ನೋಟರಿ. ಅವಳ ಕಣ್ಣು ದೊಡ್ಡದಾಯಿತು, ಹೊಟ್ಟೆಯ ಆಳದಿಂದ ನಗು ಹೊರಟಿತು. ಅವಳು ಮುಂದಿನ ಕುರ್ಚಿಯ ಬೆನ್ನು ಹಿಡಿದುಕೊಂಡು, ಕಣ್ಣೀರು ಒರೆಸಿಕೊಂಡು, ಮತ್ತೆ ನಕ್ಕಳು. ಸಭೆ ಕಾದಿತ್ತು. ನಗು ನಿಂತ ಮೇಲೆ ಅವಳಿಗೊಂದು ವಿಷಯ ಹೊಳೆಯಿತು. ಈಗ ನಿಜ ಹೇಳಿದರೆ ಊರೆಲ್ಲದರ ಜೊತೆ ತಾನೂ ಸುಳ್ಳಿಯಾಗಬೇಕು. ಹೇಳದಿದ್ದರೆ ಹಿಂದೆ ನಿಂತ ಆ ಮನುಷ್ಯ ಒಬ್ಬನೇ ದಡ್ಡನಾಗಿ ಉಳಿಯಬೇಕು.

"ನಾನೂ ಓದಿಲ್ಲ," ಎಂದಳು. "ಎರಡು ಸಲ ಓದಿದೆ ಅಂತ ಮದಾಮ್ ಕಾಸ್ತೆಲ್ ಅವರಿಗೆ ಹೇಳ್ದೆ, ನನ್ ಗಂಡನಿಗೂ ಹೇಳ್ದೆ. ಎರಡೂ ಸುಳ್ಳು. ಅಂಥ ಪುಸ್ತಕಾನೇ ಇಲ್ಲ. ಪಕ್ಕದ್ಮನೆ ಆಮೇನ ಡಾಕ್ಟ್ರಿಗೆ ತೋರ್ಸು, ನೋಟರಿಗೆ ಗುರುವಾರ ಬರಲ್ಲ ಅನ್ನು, ‘ಅಂಚು’ ತಗೊಂಬಾ, ಇಷ್ಟು ನಾನು ಹೇಳಿದ್ದು. ಇವ್ನು ಎಲ್ಲಾ ಸೇರಿಸಿ ಅಂಗಡೀಲಿ ಒಂದು ಕಾದಂಬರಿ ಕೇಳಿದಾನೆ. ನೀವೆಲ್ಲ ಅದನ್ನ ಓದಿ ಮುಗಿಸಿದೀರಿ."

ಸತ್ತಿದೆ ಎನ್ನುವವರೂ ಬದುಕಿದೆ ಎನ್ನುವವರೂ ತಮ್ಮ ತಮ್ಮ ಬೂಟುಗಳನ್ನು ನೋಡಿಕೊಳ್ಳತೊಡಗಿದರು. ಯುದ್ಧದಲ್ಲಿ ಮಡಿದವರ ಸ್ಮರಣೆಯ ದಿನವೂ ಮೊಂತ್ರಿಯಾಕಿನ ಪುರಭವನ ಅಂಥ ಮೌನ ಕಂಡಿರಲಿಲ್ಲ. ಆ ಮೌನದಲ್ಲಿ ಮೂರನೆಯ ಸಾಲಿನಿಂದ ಮದಾಮ್ ಲೆಸ್ಕ್ಯೂರ್ ಎದ್ದು, ತಮ್ಮ ಆಮೆಯನ್ನು ಡಾಕ್ಟರಿಗೆ ತೋರಿಸಿದ್ದು ತಮಗೆ ಯಾರೂ ಹೇಳಲಿಲ್ಲವಲ್ಲ ಎಂದು ಆಕ್ಷೇಪಿಸಿದರು.

ವೇದಿಕೆಯ ಮೇಲೆ ಯಾರೋ ನಕ್ಕರು. ಒದೀಲ್ ಕೆರ್ಮಾರೆಕ್. ಮೈಕು ತಮ್ಮ ಕಡೆ ಎಳೆದುಕೊಂಡು ಅವರು ಹೇಳಿದರು:

"ನಂದೂ ಒಂದಿದೆ. ಹೋದ ತಿಂಗಳು ಪ್ಯಾರಿಸ್ಸಲ್ಲಿ ರೇಡಿಯೋದವರು, ಈಚೆಗೆ ಯಾವ ಪುಸ್ತಕ ನೋಡಿ ಹೊಟ್ಟೆಕಿಚ್ಚಾಯ್ತು ಅಂತ ಕೇಳಿದ್ರು. ನಿಮ್ಮೂರ ಪತ್ರಿಕೆ ಆಗಷ್ಟೆ ನೋಡಿದ್ದೆ. ಆಮೆ ಪುಸ್ತಕ ಅಂದೆ. ಅದರ ಮೊದಲ್ನೇ ಅಧ್ಯಾಯ ಓದಿ ಅತ್ತೆ ಅಂತಾನೂ ಅಂದೆ."

ಭವನ ಬಿದ್ದು ಬಿದ್ದು ನಕ್ಕಿತು. ಎಡ ಬಲ ಎರಡೂ ಪಕ್ಷ ಒಂದಾಗಿ ನಕ್ಕವು. ನಗು ಇಳಿದ ಮೇಲೆ ಒದೀಲ್ ತಮ್ಮ ಕಥೆ ಹೇಳಿದರು. ದಾರಿಹೋಕನ ಕಾಲರ್ ಹಿಡಿದು ನಿಲ್ಲಿಸುವಂಥ ಹೆಸರಿಡಿ ಎಂದು ಪ್ರಕಾಶಕರು ಗೋಗರೆದಿದ್ದರಂತೆ. ಆಗ ಎಲ್ಲರ ಪುಸ್ತಕಗಳೂ ಜಿರಾಫೆ, ಅಜ್ಜಿ, ಮೋಡ ಎಂದು ಕುಣಿಯುತ್ತಿದ್ದವು. ಇವರಿಗೆ ಹಠ ಬಂದು, ಒಂದೇ ಪದ ಸಾಕು ಎಂದು ‘ಅಂಚು’ ಎಂದಿಟ್ಟರು. ದಾರಿಹೋಕರು ಯಾರೂ ನಿಲ್ಲಲಿಲ್ಲ. ಇಲ್ಲೇ ನೋಡಿ, ಇಲ್ಲದ ಪುಸ್ತಕವನ್ನು ಊರೆಲ್ಲ ಓದಿದೆ, ಇರುವ ಪುಸ್ತಕ ಬಾಗಿಲ ಪಕ್ಕ ಹಾಗೇ ಕೂತಿದೆ ಎಂದರು. ಮಾತಿನಲ್ಲಿ ನಗುವಿತ್ತು, ಕಣ್ಣಿನಲ್ಲಿ ಅಷ್ಟಿರಲಿಲ್ಲ.

"ನಾನು ಓದಿದೀನಿ," ಎಂದಳು ಗಿಲೇನ್. ಅವಳು ಇನ್ನೂ ನಿಂತೇ ಇದ್ದಳು.

ಒಮ್ಮೆ ಸುಳ್ಳು ಹೇಳಿದೆನೆಂದು ಒಪ್ಪಿಕೊಂಡವಳು ಹೀಗೆಂದಾಗ ಒಂದಿಬ್ಬರು ಕೆಮ್ಮಿದರು. ಗಿಲೇನ್ ತನ್ನ ಪ್ರಶ್ನೆ ಕೇಳಿದಳು. ಕಾದಂಬರಿಯ ದರ್ಜಿ ಹೆಂಗಸು ಮಗಳ ಮದುವೆಯ ಉಡುಪಿನ ಅಂಚನ್ನು ಮತ್ತೆ ಮತ್ತೆ ಬಿಚ್ಚಿ ಹೊಲಿಯುತ್ತಾಳಲ್ಲ, ಮದುವೆ ಮುಂದೆ ಹೋಗಲಿ ಅಂತಲೋ ಅಥವಾ ಮಗಳ ಜೊತೆ ಒಂದೇ ಕೋಣೆಯಲ್ಲಿ ಕೂರುವುದಕ್ಕೆ ಅವಳಿಗೆ ಬೇರೆ ನೆಪ ಇರಲಿಲ್ಲ ಅಂತಲೋ ಎಂದಳು. ಒದೀಲ್ ಕನ್ನಡಕ ತೆಗೆದರು, ಮೇಜಿನ ಮೇಲಿಟ್ಟರು. ಪುಸ್ತಕ ಬಂದಾಗಿನಿಂದ ಇದನ್ನು ಯಾರಾದರೂ ಕೇಳಲಿ ಎಂದು ಕಾಯುತ್ತಿದ್ದೆ ಎಂದರು. ಆಮೇಲೆ ಆ ಇಬ್ಬರು ಹೆಂಗಸರು, ಒಬ್ಬರು ವೇದಿಕೆಯ ಮೇಲಿಂದ, ಒಬ್ಬರು ನಡುವಿನ ಸಾಲಿನಿಂದ, ಅಕ್ಕಪಕ್ಕದ ಮನೆಯವರಂತೆ ಮಾತಾಡಿದರು. ಊರು ಬಾಯಿ ಮುಚ್ಚಿಕೊಂಡು ಕೇಳಿತು. ಮೊಸ್ಯೂ ಕಾಸ್ತೆಲ್ ಜೇಬಿನಿಂದ ಪೆನ್ಸಿಲ್ ತೆಗೆದು ನಿಜವಾಗಿಯೂ ಏನನ್ನೋ ಗೀಚಿಕೊಂಡರು.

ಸಭೆ ಮುಗಿದಾಗ ಬಾಗಿಲ ಪಕ್ಕದ ಗೋಡೆ ಕುಸಿಯಿತು. ಒಂದು ಪ್ರತಿಯೂ ಉಳಿಯಲಿಲ್ಲ. ನಾಚಿಕೆಯಿಂದ ಕೊಂಡವರೆಷ್ಟು, ಆಸೆಯಿಂದ ಕೊಂಡವರೆಷ್ಟು ಎಂಬ ತನಿಖೆಗೆ ನಾವು ಇಳಿಯುವುದು ಬೇಡ. ಟ್ರ್ಯಾಕ್ಟರಿನ ರೈತ ಎವಾರಿಸ್ತ್‌ನ ಕೈ ಕುಲುಕಿ, ನೀವು ಸುಳ್ಳು ಹೇಳಲಾರದ ಮನುಷ್ಯ, ಟ್ರ್ಯಾಕ್ಟರಿನ ಜೊತೆ ಕೊಟ್ಟಿಗೆಯನ್ನೂ ನಿಮ್ಮಲ್ಲೇ ವಿಮೆ ಮಾಡಿಸುತ್ತೇನೆ ಎಂದ. ಅವನ ಹಿಂದೆ ಇನ್ನೂ ಕೆಲವರು ನಿಂತಿದ್ದರು.

ಆ ಗುಂಪನ್ನು ಸೀಳಿಕೊಂಡು ಒದೀಲ್ ಬಂದರು. "ಮೊಸ್ಯೂ ಪೊಮರೆಲ್, ಆ ಆಮೇನ ನಂಗೆ ಕೊಡ್ತೀರಾ?" ಎಂದು ಕೇಳಿದರು.

ಎವಾರಿಸ್ತ್ ಕಷ್ಟಕ್ಕೆ ಸಿಕ್ಕಿಕೊಂಡ. "ಅದು ನಮ್ದಲ್ಲ ಮದಾಮ್, ಮದಾಮ್ ಲೆಸ್ಕ್ಯೂರ್ ಅವರದ್ದು. ಅವರು ಅದನ್ನ ಮಗು ಥರ ಸಾಕಿದಾರೆ, ಕೊಡಲ್ಲ ಅನ್ಸುತ್ತೆ."

ಗಿಲೇನ್ ಅವನ ತೋಳು ಹಿಡಿದು, ಅವರು ಕೇಳುತ್ತಿರುವುದು ಹೆಸರನ್ನು ಮಾರಾಯ ಎಂದು ಬಿಡಿಸಿ ಹೇಳಿದಳು. ಹಾಗಾದರೆ ತಗೊಳ್ಳಿ, ನನಗೆ ಅದರಿಂದ ಏನೂ ಉಪಯೋಗವಾಗಿಲ್ಲ ಎಂದ ಎವಾರಿಸ್ತ್.

ಮರುವರ್ಷ ವಸಂತದಲ್ಲಿ ‘ಮೂಗು ಸೋರುವ ಆಮೆ ಗುರುವಾರ ನೋಟರಿಯ ಹತ್ತಿರ ಬರುವುದಿಲ್ಲ’ ಹೊರಬಂತು. ಪ್ಯಾರಿಸ್ಸಿನ ಮೆಟ್ರೋ ನಿಲ್ದಾಣಗಳಲ್ಲಿ ಜನ ಆ ಹೆಸರು ಓದುತ್ತ ನಿಂತು ರೈಲು ತಪ್ಪಿಸಿಕೊಂಡರು. ಹೆಸರಿಗೆ ಮರುಳಾಗಿ ತೆಗೆದುಕೊಂಡವರು ಒಳಗೆ ಸಿಕ್ಕಿದ್ದಕ್ಕೆ ಮರುಳಾಗಿ ಇನ್ನೊಬ್ಬರಿಗೆ ಕೊಟ್ಟರು. ಆಮೇಲೆ ಅವರೇ ‘ಅಂಚು’ವನ್ನೂ ಹುಡುಕಿಕೊಂಡು ಹೋದರು. ಅರ್ಪಣೆಯ ಪುಟದಲ್ಲಿ ‘ಈ ಪುಸ್ತಕವನ್ನು ಎಲ್ಲರಿಗಿಂತ ಮೊದಲು ಕೇಳಿದ ಎವಾರಿಸ್ತ್ ಪೊಮರೆಲ್ ಅವರಿಗೆ’ ಎಂದಿತ್ತು. ನೋಟರಿ ದ್ಯುಬೋಸ್ಕ್ ಅವರು ಮೊಕದ್ದಮೆಯ ಯೋಚನೆ ಬಿಟ್ಟು, ಕಾದಂಬರಿಯ ನೋಟರಿ ತಾವೇ ಎಂದು ಊರೆಲ್ಲ ಹೇಳಿಕೊಂಡು ತಿರುಗಿದರು. ಬಾಗಿಲ ಮೇಲೆ ಗುರುವಾರವೂ ತೆರೆದಿರುತ್ತದೆ ಎಂದು ಫಲಕ ಹಾಕಿಸಿದರು.

ಒದೀಲ್ ಪುಸ್ತಕಕ್ಕೆ ಸಹಿ ಹಾಕಲು ಮೊಂತ್ರಿಯಾಕಿಗೆ ಬಂದ ದಿನ ಮದಾಮ್ ತ್ರಿಕಾರ್ ಅಂಗಡಿಯಿಂದ ಹೊರಟ ಸಾಲು ಚರ್ಚಿನ ಮೆಟ್ಟಿಲವರೆಗೆ ಬೆಳೆದಿತ್ತು. ವಾಚಕರ ಬಳಗದ ಹೊಸ ಅಧ್ಯಕ್ಷೆ ಗಿಲೇನ್ ಪೊಮರೆಲ್ ಸಾಲನ್ನು ನೋಡಿಕೊಳ್ಳುತ್ತಿದ್ದಳು. ಒದೀಲ್ ಅವರ ಪಕ್ಕದ ಕುರ್ಚಿಯಲ್ಲಿ, ಮದುವೆಯ ದಿನ ಹಾಕಿದ್ದ ಸೂಟು ತೊಟ್ಟು ಎವಾರಿಸ್ತ್ ಕೂತಿದ್ದ. ಜನ ಅವನ ಸಹಿಯನ್ನೂ ಕೇಳುತ್ತಿದ್ದರು. ಹೊಸ ಪಾಲಿಸಿಗೆ ಹಾಕುವಷ್ಟೇ ಶ್ರದ್ಧೆಯಿಂದ ಅವನು ತಾರೀಖು ಸಹಿತ ಸಹಿ ಹಾಕುತ್ತಿದ್ದ.

ಮೊಸ್ಯೂ ಕಾಸ್ತೆಲ್ ಸರದಿ ಬಂತು. ಅವರು ಪುಸ್ತಕವನ್ನು ಮೇಜಿನ ಮೇಲಿಟ್ಟು, ಅಕ್ಕಪಕ್ಕ ನೋಡಿ, ಎವಾರಿಸ್ತ್‌ನ ಕಿವಿಯ ಬಳಿ ಬಗ್ಗಿದರು.

"ಪೊಮರೆಲ್, ನಿಮ್ಹತ್ರ ಮುಚ್ಚಿಡೋದೇನು. ಅಂಗಡಿ ಕೆಲ್ಸದಲ್ಲಿ ಇನ್ನೂ ಓದಕ್ಕಾಗಿಲ್ಲ. ಇವತ್ತು ಬಳಗದಲ್ಲಿ ನಾನು ಮಾತಾಡ್ಬೇಕು."

"ನಾನು ಓದಿದೀನಿ," ಎಂದ ಎವಾರಿಸ್ತ್. ಇಡೀ ಅಂಗಡಿಗೆ ಕೇಳುವಂತೆ ಹೇಳಿದ. ಜೀವನದಲ್ಲಿ ಮೊದಲ ಸಲ ಹೇಳುತ್ತಿದ್ದ ಮಾತು, ಅವನಿಗೆ ಅದರ ರುಚಿ ಹತ್ತಿತು. "ಮೊದಲಿಂದ ಕೊನೇವರ್ಗೂ ಓದಿದೀನಿ. ಕುರ್ಚಿ ಎಳ್ಕೊಳ್ಳಿ, ಹೇಳ್ತೀನಿ."

ಕಾಸ್ತೆಲ್ ಕುರ್ಚಿ ಎಳೆದುಕೊಂಡು ಕೂತರು. ಎವಾರಿಸ್ತ್ ಹೇಳತೊಡಗಿದ. ಆಮೆ ರೈಲು ಹತ್ತಿತು, ನೋಟರಿಯ ವಿಧವೆ ಹಿಂದಿನ ಡಬ್ಬಿಯಲ್ಲಿದ್ದಳು, ಟಿಕೆಟ್ ಕೇಳಲು ಬಂದ ಕಂಡಕ್ಟರ್ ಭಾನುವಾರವಾದ್ದರಿಂದ ಕಿವುಡನಾಗಿದ್ದ, ಮದುವೆಯ ಉಡುಪಿನ ಅಂಚು ಬಾಗಿಲಿಗೆ ಸಿಕ್ಕಿಕೊಂಡು ರೈಲು ಲಿಮೋಜ್‌ನಲ್ಲಿ ನಿಲ್ಲಲೇ ಇಲ್ಲ. ಸಾಲಿನಲ್ಲಿದ್ದವರು ಹತ್ತಿರ ಹತ್ತಿರ ಬಂದರು. ಚರ್ಚಿನ ಮೆಟ್ಟಿಲಲ್ಲಿದ್ದವರೂ ಇಳಿದು ಬಂದರು. ಮದಾಮ್ ತ್ರಿಕಾರ್ ಬಾಗಿಲಿಗೆ ಒರಗಿ ಎದೆಯ ಮೇಲೆ ಕೈಯಿಟ್ಟುಕೊಂಡರು.

ಒದೀಲ್ ಕೆರ್ಮಾರೆಕ್ ಸಹಿ ಹಾಕುವುದನ್ನು ನಿಲ್ಲಿಸಿ ಗಿಲೇನ್‌ಳ ಕಡೆ ವಾಲಿದರು.

"ಇದ್ಯಾವುದೂ ನನ್ನ ಪುಸ್ತಕದಲ್ಲಿಲ್ವಲ್ಲ," ಎಂದು ಪಿಸುಗುಟ್ಟಿದರು.

"ಸುಮ್ನೆ ಬರ್ಕೊಳ್ಳಿ," ಎಂದಳು ಗಿಲೇನ್. "ಇದು ನಿಮ್ಮ ಮುಂದಿನದು."